ಗುಂಡಯ್ಯನ ನೌಕರಿ

ಹಂಡೆಯಿಂದ ಬಗ್ಗಿಸಿಕೊಂಡ ಬಿಸಿನೀರಿಗೆ ಮಲ್ಲಿಗಮ್ಮ ಒಂದು ಚೊಂಬು ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದಳು. ಇನ್ನೂ ಸುಡುತ್ತಿತ್ತು. ಮತ್ತೊಂದು ಚೊಂಬು ಬೆರೆಸಿದಳು. ಅಂಗಳದ ಬೆಂಚಿನ ಮೇಲೆ ಅವಳ ಗಂಡ ಗುಂಡಯ್ಯನನ್ನು ಮಲಗಿಸಿ ನಾಲ್ಕು ಜನ ಕಾಯುತ್ತಿದ್ದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೀದಿಯಲ್ಲಿ ನಿಂತವರ ಮುಖ ಕಾಣದೆ ಕೆಮ್ಮು ಮಾತ್ರ ಕೇಳುತ್ತಿತ್ತು.

“ಸತ್ತೋರ್ಗೆ ಬಿಸ್ನೀರ್ ಯಾಕವ್ವಾ?” ಎಂದ ಚಿಕ್ಕಯ್ಯ. ಕೇರಿಯಲ್ಲಿ ಯಾರು ಸತ್ತರೂ ಮೊದಲು ಬರುವ ಮುದುಕ ಅವನು.

“ಚಳಿ ಐತೆ,” ಎಂದಳು ಮಲ್ಲಿಗಮ್ಮ.

ಅವಳೇ ನೀರು ಹುಯ್ದಳು. ಕಿವಿಯ ಹಿಂದೆ, ಕಾಲ್ಬೆರಳ ಸಂದಿನಲ್ಲಿ ನಿಧಾನವಾಗಿ ಉಜ್ಜಿದಳು.

ಹಿಂದಿನ ದಿನ ಬೆಳಗ್ಗೆ ಗುಂಡಯ್ಯ ಎಂದಿನಂತೆ ಮಫ್ಲರ್ ಸುತ್ತಿಕೊಂಡು, ಊಟದ ಡಬ್ಬಿ ಹಿಡಿದು, ಹಾಸನದ ಬಸ್ಸಿಗೆ ಹೊರಟಿದ್ದ. ಮೊಸಳೆ ಊರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತವನು ಬಸ್ಸು ಬಂದರೂ ಏಳಲಿಲ್ಲ. ಚಳಿಗೆ ಎದೆ ಹಿಡಿದುಕೊಂಡಿರಬೇಕು ಎಂದರು ಆಸ್ಪತ್ರೆಯಲ್ಲಿ. ರಿಟೈರಾಗಲು ಇನ್ನೂ ವರ್ಷಗಳಿದ್ದವು ಎಂದು ಕೇರಿಯವರು ಲೆಕ್ಕ ಹಾಕಿದರು. ಆ ಲೆಕ್ಕದಿಂದಲೇ ಇನ್ನೊಂದು ಮಾತು ಹುಟ್ಟಿಕೊಂಡಿತು.

“ಸರ್ವೀಸ್‌ನಲ್ಲಿರೋವಾಗ್ಲೇ ಓಗವ್ನೆ. ಅವ್ನ ಕೆಲ್ಸ ನಮ್ ಶೋಭಿತಾಗೇ ಬತ್ತದೆ,” ಎಂದ ಈಶ್ವರಯ್ಯ. ಗುಂಡಯ್ಯನ ಅಣ್ಣ. ಮನೆಯ ಮುಂದೆ ಮೇಜು ಹಾಕಿ, ಬುದ್ಧನ ಪಟ ಇಟ್ಟು, ಮೇಣದ ಬತ್ತಿ ಹಚ್ಚಿದವನೂ ಅವನೇ. ಅತ್ತೂ ಅತ್ತೂ ಅವನ ಕಣ್ಣು ಊದಿತ್ತು. ಈಗ ಹಿಡಿದುಕೊಳ್ಳಲು ಏನೋ ಸಿಕ್ಕಿದವನಂತೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

“ಬದ್ಕಿದ್ದಾಗ ಒಂದ್ ಬೀಡಿ ಕೊಟ್ಟೋನಲ್ಲ,” ಎಂದ ಚಿಕ್ಕಯ್ಯ. “ಸತ್ತು ಮಗಳ್ಗೆ ಸರ್ಕಾರನೇ ಕೊಟ್ಬುಟ್ಟ, ನೋಡ್ಲಾ.”

ಮಲ್ಲಿಗಮ್ಮನ ಕೈ ಒಂದು ಗಳಿಗೆ ನಿಂತಿತು. ಗುಂಡಯ್ಯನದು ಸರ್ಕಾರಿ ಕೆಲಸ ಅಲ್ಲ ಎಂಬುದು ಆ ಅಂಗಳದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವನು ಹಾಸನದ ಸರ್ಕಾರಿ ಆಫೀಸಿನಲ್ಲಿದ್ದದ್ದು ಹೊರಗುತ್ತಿಗೆಯ ಏಜೆನ್ಸಿಯ ಮೇಲೆ. ಮಗಳಿಗೆ ಬರುವಂಥದ್ದು ಏನೂ ಇರಲಿಲ್ಲ.

ಗಂಡನ ಮೈ ಒರೆಸಿ ಒಳಗೆ ಬಂದಾಗ ಮಗಳು ಶೋಭಿತಾ ಅಡುಗೆಮನೆಯ ಮೂಲೆಯಲ್ಲಿ ಅಪ್ಪನ ಸ್ವೆಟರ್ ತೊಟ್ಟು ಕುಳಿತಿದ್ದಳು. ಬಿ.ಎಸ್ಸಿ. ಮುಗಿಸಿದ್ದ ಹುಡುಗಿ. ಚನ್ನರಾಯಪಟ್ಟಣದ ರಸ್ತೆಯಲ್ಲಿ ಮಿಡಿಸೌತೆಯನ್ನು ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಂಪನಿಯೊಂದಿದೆ. ಅದರ ಲ್ಯಾಬಿಗೆ ಆರಿಸಿದ್ದರು. ಸೋಮವಾರ ಸೇರಬೇಕಿತ್ತು.

“ಅವ್ವಾ, ದೊಡ್ಡಪ್ಪ ಕಂಪ್ನಿಗೆ ಫೋನ್ ಮಾಡಿ ಬರಲ್ಲ ಅನ್ನು ಅಂತಾವ್ರೆ. ಒಂದ್ ಕಡೆ ಸೇರ್ಕಂಡ್ರೆ ಅಪ್ಪನ ಕೆಲ್ಸ ತಪ್ಪೋಯ್ತದಂತೆ. ಏನ್ ಮಾಡ್ಲಿ?”

ಮಲ್ಲಿಗಮ್ಮ ಒಲೆಯ ಕಡೆ ನೋಡಿದಳು.

“ನಂಗೆ ಆ ಲ್ಯಾಬೇ ಇಷ್ಟ ಕಣವ್ವಾ. ಆದ್ರೆ ಇದು ಅಪ್ಪನ ಜಾಗ. ಬ್ಯಾಡ ಅಂದ್ರೆ ಅಪ್ಪನ್ನೇ ಬ್ಯಾಡ ಅಂದಂಗಾಯ್ತದಾ?”

“ಏನಾರ ತಿಂದ್ಯಾ?” ಎಂದಳು ಮಲ್ಲಿಗಮ್ಮ. ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. “ಮಣ್ಣಾಗ್ಲಿ ಮಗಾ. ಆಮ್ಯಾಕೆ ಕೂತ್ಕಂಡು ಮಾತಾಡವಾ. ಅಲ್ಲೀಗಂಟ ಯಾರ್ಗೂ ಫೋನ್ ಮಾಡ್ಬ್ಯಾಡ.”

*

ಶೋಭಿತಾ ಅಂಬೆಗಾಲಿಡುತ್ತಿದ್ದ ವರ್ಷ ಗುಂಡಯ್ಯನಿಗೆ ಹಾಸನದ ಆ ಆಫೀಸಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಆ ಕೇರಿಯಲ್ಲಿ ಕೆಲಸ ಎಂದರೆ ಎರಡೇ ಬಗೆ. ಒಂದು ಕೂಲಿ, ಇನ್ನೊಂದು ಸರ್ಕಾರಿ. ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಹೋಗುವವನದು ಕೂಲಿಯಂತೂ ಅಲ್ಲ. ಮೂರನೆಯ ಬಗೆಯೊಂದು ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಅವನು ಮೊದಲ ದಿನದ ಕೆಲಸ ಮುಗಿಸಿ ಬಸ್ಸಿಳಿಯುವಷ್ಟರಲ್ಲಿ ಈಶ್ವರಯ್ಯ ಮನೆಮನೆಗೂ ಮೈಸೂರ್‌ಪಾಕ್ ಹಂಚಿ ಮುಗಿಸಿದ್ದ. ನಮ್ಮ ಕೇರಿಯಿಂದ ಮೊದಲ ಸರ್ಕಾರಿ ನೌಕರ ಎಂದು ಹೇಳಿಯೂ ಆಗಿತ್ತು.

ಆ ಸಂಜೆ ಗುಂಡಯ್ಯ ಹೆಂಡತಿಯ ಜೊತೆ ಕುಳಿತು ಅವರೆಕಾಯಿ ಸುಲಿದ.

“ನಮ್ಮಣ್ಣ ಊರ್ಗೆಲ್ಲಾ ಸ್ವೀಟ್ ಅಂಚ್ಬುಟ್ಟವ್ನೆ. ಈಗ ಓಗಿ ಅಲ್ಲ ಅಂತ ಎಂಗೇಳ್ಲಿ? ಎರ್ಡ್ ವರ್ಸ ಕಳುದ್ರೆ ಕಾಯಂ ಮಾಡ್ತಾರಂತೆ ಕಣಮ್ಮಿ. ಆವಾಗ ಸುಳ್ಳೂ ನಿಜ ಆಯ್ತದೆ.”

ಕಾಯಂ ಆಗಲಿಲ್ಲ. ಏಜೆನ್ಸಿ ಬದಲಾದಾಗಲೆಲ್ಲ ಅವನು ಹೊಸ ಏಜೆನ್ಸಿಯವನ ಮುಂದೆ, ಆವತ್ತೇ ಸೇರಿದ ಹುಡುಗನ ಹಾಗೆ ನಿಂತು ಬರುತ್ತಿದ್ದ. ಮಾರನೆಯ ಬೆಳಗ್ಗೆ ಮತ್ತೆ ಅದೇ ಬಾಗಿಲು ತೆಗೆದು, ಅದೇ ಮೇಜುಗಳನ್ನು ಒರೆಸುತ್ತಿದ್ದ. ಊರಿನವರು ಆದಾಯ ಪತ್ರಕ್ಕೆ, ಪಿಂಚಣಿಗೆ ಎಂದು ಹಾಸನಕ್ಕೆ ಬಂದರೆ ತನ್ನ ಮಧ್ಯಾಹ್ನದ ಬಿಡುವಿನಲ್ಲಿ ಅವರ ಜೊತೆ ಬೇರೆ ಬೇರೆ ಆಫೀಸಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಗುಂಡಯ್ಯನ ಕೈಯಲ್ಲಿ ಕೆಲಸ ಆಗುತ್ತದೆ ಎಂದು ಹೆಸರಾಯಿತು. ನಿಜ ಹೇಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋಯಿತು. ಕೊನೆಗೆ ಗಂಡ ಹೆಂಡತಿ ತಮ್ಮಲ್ಲೇ ಅದನ್ನು ಮಾತಾಡುವುದನ್ನೂ ಬಿಟ್ಟರು.

ಮಗಳು ಕಂಪನಿಯ ಸುದ್ದಿ ತಂದ ದಿನ ಅವನು ಸಂಬಳ ಕೇಳಲಿಲ್ಲ, ದೂರ ಕೇಳಲಿಲ್ಲ.

“ಕಂಪ್ನಿಯೋರೇ ತಕತಾರಾ, ಇಲ್ಲ ಏಜೆನ್ಸಿ ಮೇಲಾ?”

“ಕಂಪ್ನಿಯೋರೇ ಅಪ್ಪಾ. ಡೈರೆಕ್ಟು.”

ಅವನು ತಟ್ಟೆಯಲ್ಲಿದ್ದ ಮುದ್ದೆಯನ್ನು ಮುಗಿಸಿ ಅಂಗಳಕ್ಕೆ ಹೋದ. ಕೊರೆಯುವ ಚಳಿಯಲ್ಲಿ ತಲೆಗೆ ಏನೂ ಸುತ್ತಿಕೊಳ್ಳದೆ ನಿಂತಿದ್ದವನನ್ನು ಮಲ್ಲಿಗಮ್ಮ ಗದರಿ ಒಳಗೆ ಕರೆದಳು. ಅವನು ನಗುತ್ತಿದ್ದ.

*

ಮಂಜು ಕರಗುವ ಹೊತ್ತಿಗೆ ಆಫೀಸಿನಿಂದ ಒಂದು ಕಾರು ಬಂತು. ಪ್ರತಿಭಾ ಎಂಬ ಗುಮಾಸ್ತೆ ಹಾರ ಹಿಡಿದು ಇಳಿದರು. ಹಾರ ಹಾಕಿ ಸ್ವಲ್ಪ ಹೊತ್ತು ನಿಂತರು, ಮೂಗು ಒರೆಸಿಕೊಂಡರು. ಆಮೇಲೆ ಮಲ್ಲಿಗಮ್ಮನ ಕೈ ಹಿಡಿದು, ನಿನ್ನೆ ಬೆಳಗ್ಗೆ ಆಫೀಸಿನ ಬಾಗಿಲು ತೆಗೆಯುವವರಿಲ್ಲದೆ ಎಲ್ಲರೂ ಹೊರಗೇ ನಿಂತಿದ್ದೆವು, ಬೀಗದ ಕೈ ಎಲ್ಲಿರುತ್ತದೆಂದು ಕೇಳಲು ಗುಂಡಯ್ಯನಿಗೇ ಫೋನ್ ಮಾಡಲು ಹೊರಟಿದ್ದೆ ಎಂದರು.

ಈಶ್ವರಯ್ಯ ಕುರ್ಚಿ ಎಳೆದು ಕೂರಿಸಿ, ವಿಷಯಕ್ಕೆ ಬಂದ. ಹುಡುಗಿ ಡಿಗ್ರಿ ಮಾಡಿದ್ದಾಳೆ, ಅಪ್ಪನ ಕೆಲಸಕ್ಕಿಂತ ಮೇಲಿನದೇ ಸಿಗಬೇಕಲ್ಲವೇ ಎಂದು ಕೇಳಿದ. ಪ್ರತಿಭಾ ಬಾಯಿ ತೆರೆದವರು ಮಲ್ಲಿಗಮ್ಮನ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯಿಂದ ಅವರಿಗೆ ಅರ್ಥವಾಯಿತು.

“ಮೊದಲು ಇದೆಲ್ಲ ಮುಗೀಲಿ. ನಮ್ಮ ಕೈಲಾದದ್ದು ಮಾಡ್ತೀವಿ,” ಎಂದರು.

ಮಲ್ಲಿಗಮ್ಮನಿಗೆ ಉಸಿರು ಬಂದಂತಾಯಿತು. ಮಣ್ಣಾಗುವವರೆಗೆ ಸಾಕು. ಒಂದು ಬೆಳಗಿನ ಮಟ್ಟಿಗೆ ಅವನು ನೌಕರನಾಗಿಯೇ ಹೋಗಲಿ. ಅಷ್ಟರಲ್ಲಿ ಅರಕಲಗೂಡಿನಿಂದ ತವರಿನವರು ಬಂದರು. ತಂದ ಸೀರೆಯನ್ನು ಅವಳ ಹೆಗಲಿಗೆ ಹೊದಿಸಲು ಒಳಗೆ ಕರೆದೊಯ್ದರು.

ಸೀರೆ ಹೊದಿಸುತ್ತಿದ್ದಾಗಲೇ ಹೊರಗಿನಿಂದ ಈಶ್ವರಯ್ಯನ ಏರುದನಿ ಕೇಳಿಸಿತು.

“ಅಲೋ, ರಜನೀಶ್ ಸಾರಾ? ಮಿಡಿಸೌತೆ ಕಂಪ್ನಿಯಾ? ನಮ್ ಉಡ್ಗಿ ಶೋಭಿತಾ ಸೋಮ್ವಾರ ಬರಾಕಿಲ್ಲ ಸಾ. ಅವ್ರಪ್ಪನ ಸರ್ಕಾರಿ ಕೆಲ್ಸ ಅವ್ಳಿಗೇ ಆಯ್ತದೆ. ನಿಮ್ಮದು ಬ್ಯಾರೆ ಯಾರಾರ ಬಡವ್ರ್ ಮಕ್ಳಿಗೆ ಕೊಟ್ಕಳಿ.”

ಮಲ್ಲಿಗಮ್ಮ ಅರ್ಧ ಹೊದಿಸಿದ ಸೀರೆಯಲ್ಲೇ ಹೊರಗೆ ಬಂದಳು. ಶೋಭಿತಾ ಗೋಡೆಗೆ ಒರಗಿ ನಿಂತಿದ್ದಳು. ದೊಡ್ಡಪ್ಪ ಕೇಳಿದರು, ನಂಬರು ಒತ್ತಿ ಕೊಟ್ಟೆ ಎಂದಷ್ಟೇ ಹೇಳಿದಳು. ಪ್ರತಿಭಾ ಕುರ್ಚಿಯಿಂದ ಎದ್ದಿದ್ದರು. ಈಶ್ವರಯ್ಯ ಫೋನನ್ನು ಹುಡುಗಿಗೆ ಹಿಂತಿರುಗಿಸುತ್ತಾ, ಇನ್ನೊಬ್ಬರಿಗೆ ಇವತ್ತೇ ತಿಳಿಸುತ್ತಾರಂತೆ, ಒಳ್ಳೆಯ ಮನುಷ್ಯ ಎಂದ.

“ಬಾವ,” ಎಂದಳು ಮಲ್ಲಿಗಮ್ಮ. “ತಿರ್ಗಾ ಫೋನ್ ಮಾಡಿ. ಬತ್ತಾಳೆ ಅನ್ನಿ.”

“ಯಾಕವ್ವಾ?”

“ಅವ್ರುದು ಸರ್ಕಾರಿ ಕೆಲ್ಸ ಅಲ್ಲ. ಏಜೆನ್ಸಿದು. ಮೊದ್ಲಿಂದ್ಲೂ ಅಷ್ಟೇ.”

ತಮಟೆ ಕಾಯಿಸುತ್ತಿದ್ದವರು ಕೂಡ ಈ ಕಡೆ ತಿರುಗಿದರು. ಈಶ್ವರಯ್ಯ ಅವಳನ್ನು ನೋಡಿದ. ಆಮೇಲೆ ಚಟ್ಟದ ಮೇಲಿದ್ದ ತಮ್ಮನನ್ನು ನೋಡಿದ.

“ಮತ್ತೆ ಇಷ್ಟ್ ವರ್ಸ ಎಲ್ಲಿಗ್ ಓಯ್ತಿದ್ದ?”

“ಆಫೀಸ್ಗೇ.”

“ಇವ್ರ್ ಆಫೀಸ್ಗೇಯಾ?”

“ಊಂ.”

“ಇವ್ರೇಳಿದ್ ಕೆಲ್ಸನೇ ಮಾಡ್ತಿದ್ನಾ?”

“ಅದೇ ಕೆಲ್ಸ.”

“ಮತ್ತಿನ್ನೇನ್ ಅಲ್ಲ ಅಂತೀಯಾ?” ಅವನ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ಪ್ರತಿಭಾ ಕಡೆ ತಿರುಗಿದ. “ನೀವಾರಾ ಏಳಿ ಮೇಡಂ. ನನ್ ತಮ್ಮ ನಿಮ್ಮೋನಾ, ಅಲ್ವಾ?”

ಪ್ರತಿಭಾ ಏನೋ ಹೇಳಹೋದರು. ಅವರಿಲ್ಲದೆ ನಮಗೆ ಒಂದು ದಿನವೂ ನಡೆಯುತ್ತಿರಲಿಲ್ಲ ಎಂದರು. ಆದರೆ ನಮ್ಮಲ್ಲಿ ಅವರ ಹೆಸರಿಗೆ ಹುದ್ದೆ ಇರಲಿಲ್ಲ ಎಂದೂ ಅಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಯಾವುದು ಮೊದಲು ಹೇಳಬೇಕಿತ್ತೋ ತಿಳಿಯದವರಂತೆ ಮತ್ತೆ ಕುರ್ಚಿಯಲ್ಲಿ ಕುಳಿತರು.

ಶೋಭಿತಾ ಅವ್ವನನ್ನೇ ನೋಡುತ್ತಿದ್ದಳು. ಸ್ಕೂಲಿನಲ್ಲಿ, ಕಾಲೇಜಿನಲ್ಲಿ ಅಪ್ಪ ಏನು ಕೆಲಸ ಎಂದು ಕೇಳಿದವರಿಗೆಲ್ಲ ತಾನು ಕೊಟ್ಟ ಉತ್ತರ ಅವಳಿಗೆ ನೆನಪಾಗುತ್ತಿರಬೇಕು ಎಂದುಕೊಂಡಳು ಮಲ್ಲಿಗಮ್ಮ. ಮಗಳನ್ನು ಅಪ್ಪಿಕೊಳ್ಳಲು ಕೈ ಬಂತು, ಧೈರ್ಯ ಬರಲಿಲ್ಲ.

“ಎತ್ರಪ್ಪಾ,” ಎಂದ ಚಿಕ್ಕಯ್ಯ ಮೆಲ್ಲಗೆ. “ಯಾವ್ ಕೆಲ್ಸದೋನಾದ್ರೂ ಎತ್ಲೇಬೇಕಲ್ಲಾ.”

ನಾಲೆಯ ಪಕ್ಕದ ಹೊಲದಲ್ಲಿ ಗುಂಡಿ ತೆಗೆದಿದ್ದರು. ರಾಗಿ ಕೊಯ್ದ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಹೆಣ್ಣುಮಕ್ಕಳೂ ಬಂದು ಮಣ್ಣು ಹಾಕಬೇಕೆಂದು ಹಿಂದೊಮ್ಮೆ ಹಟ ಹಿಡಿದು ರೂಢಿ ಮಾಡಿದವನು ಈಶ್ವರಯ್ಯನೇ ಆಗಿದ್ದರಿಂದ ತಾಯಿ ಮಗಳು ಇಬ್ಬರೂ ಹೋದರು. ಎಲ್ಲರೂ ಬುದ್ಧನಿಗೆ ಮೂರು ಸಲ ಶರಣು ಹೇಳಿದರು. ಆಮೇಲೆ ಸತ್ತವರ ಬಗ್ಗೆ ಎರಡು ಮಾತಾಡುವುದು ಪದ್ಧತಿ. ಯಾವ ಸಾವಿನಲ್ಲೂ ಮಾತಿಗೆ ತಡವರಿಸದ ಈಶ್ವರಯ್ಯ ಮುಂದೆ ಬಂದ.

“ನನ್ ತಮ್ಮ ಗುಂಡಯ್ಯ ನಮ್ ಕೇರಿಯಿಂದ ಮೊದಲ್ನೇ…” ಎಂದು ನಿಂತ. ಬಾಯಿಗೆ ಬಂದ ಮುಂದಿನ ಪದವನ್ನು ನುಂಗಿಕೊಂಡ.

“ಆಫೀಸ್ಗೆ ಓಯ್ತಿದ್ದ,” ಎಂದ ಕೊನೆಗೆ. “ದಿನಾ ಓಯ್ತಿದ್ದ.”

ಅಷ್ಟೇ ಹೇಳಿ ಪಕ್ಕಕ್ಕೆ ಸರಿದು ಮಣ್ಣು ಹಾಕಿದ.

ಗಂಡಸರು ನಾಲೆಗಿಳಿದು ಮುಳುಗಿ ಎದ್ದರು. ನೀರು ಮಂಜುಗಡ್ಡೆಯಂತಿತ್ತು. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಮೇಲೆ ಬಂದ ಈಶ್ವರಯ್ಯ ದಂಡೆಯ ಮೇಲಿದ್ದ ಒಣ ಟವಲನ್ನು ಹೆಗಲಿಗೆ ಹಾಕಿಕೊಂಡು ಶೋಭಿತಾ ಮುಂದೆ ಕೈ ಚಾಚಿದ. ಅವಳು ಫೋನ್ ಕೊಟ್ಟಳು. ತಾನೇ ಮಾತಾಡುತ್ತೇನೆ ಎಂದಳು. ಬೇಡ, ಕೆಡಿಸಿದವನು ನಾನು ಎಂದ.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಅವನು ಅವರಿಂದ ದೂರ, ಕೂಳೆ ತುಳಿಯುತ್ತಾ ಹೊಲದ ನಡುವಿನವರೆಗೆ ಹೋದ. ಅಲ್ಲಿ ನಿಂತು ಮತ್ತೆ ಕಿವಿಗಿಟ್ಟುಕೊಂಡ. ಈ ಸಲ ಎತ್ತಿರಬೇಕು. ಅವನ ಬೆನ್ನು ನೆಟ್ಟಗಾಯಿತು.

ಅವನೇನು ಹೇಳುತ್ತಿದ್ದಾನೆ, ಆ ಕಡೆಯವರು ಏನನ್ನುತ್ತಿದ್ದಾರೆ, ಮಲ್ಲಿಗಮ್ಮನಿಗಾಗಲಿ ಮಗಳಿಗಾಗಲಿ ಕೇಳಿಸಲಿಲ್ಲ. ಬಾಯಿಂದ ಬರುವ ಹಬೆ ಮಾತ್ರ ಎಳೆಬಿಸಿಲಿನಲ್ಲಿ ಕಾಣುತ್ತಿತ್ತು. ನೋಡುತ್ತಿದ್ದಂತೆ ಅವನ ಎಡಗೈ ಮೇಲೆ ಹೋಯಿತು. ಹೆಗಲ ಮೇಲಿದ್ದ ಟವಲನ್ನು ಎಳೆದು ಕಂಕುಳಲ್ಲಿ ಇರುಕಿಕೊಂಡಿತು. ಅಲ್ಲಿಲ್ಲದ ಯಾರಿಗೋ ಅವನ ನೆರೆತ ತಲೆ ಬಾಗುತ್ತಿತ್ತು, ಏಳುತ್ತಿತ್ತು, ಮತ್ತೆ ಬಾಗುತ್ತಿತ್ತು.