ಅಸಲು ಭದ್ರ

"ಅಣ್ಣನ ಕೈ ಎತ್ತಿ ಹಿಡಿಯೋ ಸರಿಯಾಗಿ," ಎಂದು ಮೈದುನನನ್ನು ಗದರುತ್ತ ಅವಳು ಹೊಸ ಅಂಗಿಯ ಬೆನ್ನನ್ನು ಕತ್ತರಿಯಿಂದ ಸೀಳಿದಳು. ಸೆಟೆದ ದೇಹಕ್ಕೆ ಬೇರೆ ರೀತಿಯಲ್ಲಿ ತೊಡಿಸಲು ಬರುವುದಿಲ್ಲ. ಇಡೀ ಬೀದಿಗೆ 'ಕಂಡಕ್ಟರ್' ಆಗಿದ್ದ ಅವಳ ಗಂಡ ಆ ಅಂಗಿಯನ್ನು ಮಡಿಕೆ ಮುರಿಯದೆ ಎತ್ತಿಟ್ಟಿದ್ದ.

"ಸವೆಯುತ್ತೆ ಅಂತ ಹಾಕ್ಕೊಳ್ಳಲಿಲ್ಲ. ಈಗ ಹಾಕ್ಕೊಳ್ಳಿ ಮಹಾರಾಯರೇ!"

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುದುಕ ತಲೆದೂಗಿದ. "ಎಂಥ ಮನುಷ್ಯ! ಕೊನೇವರೆಗೂ ಬಾಂಡಿನ ಅಸಲಿಗೆ ಕೈ ಹಚ್ಚಲಿಲ್ಲ."

ಅವಳ ಮೈ ಉರಿದುಹೋಯಿತು.

*

ನಿವೃತ್ತಿಯಾದಾಗ ಬಂದ ದುಡ್ಡನ್ನೆಲ್ಲ ಅವನು ಹತ್ತು ವರ್ಷದ ಸರ್ಕಾರಿ ಬಾಂಡಿಗೆ ಹಾಕಿದ್ದ. ಬಡ್ಡಿಯಲ್ಲೇ ಬದುಕಬೇಕೆಂಬ ಹಟ. ಬಡ್ಡಿ ಕೂತಲ್ಲೇ ಕೂತಿತು. ಅಕ್ಕಿ, ಎಣ್ಣೆ, ಗ್ಯಾಸು ಏರುತ್ತಲೇ ಹೋದವು. ಮೊದಲು ಪೇಪರು ನಿಂತಿತು. ಆಮೇಲೆ, ಆಯುಷ್ಯವೆಲ್ಲ ಬಸ್ಸಿನಲ್ಲಿ ಕಳೆದವನು ಮಾರ್ಕೆಟ್ಟಿಗೆ ನಡೆದೇ ಹೋಗತೊಡಗಿದ.

"ಸ್ವಲ್ಪ ಮಾರ್ರೀ ಆ ಬಾಂಡನ್ನ."

"ಅವಧಿಗೆ ಮುಂಚೆ ಮಾರಿದ್ರೆ ನಷ್ಟ ಕಣೇ."

"ಈಗೇನು ಲಾಭದಲ್ಲಿ ತೇಲಾಡ್ತಿದ್ದೀವಾ?"

ಅವನು ನಕ್ಕಿದ್ದ. "ಅದು ನಿನಗೆ ಕಣೇ. ನಾನು ಹೋದ್ಮೇಲೆ ನೀನು ಯಾರ ಮುಂದೂ ಕೈ ಚಾಚಬಾರದು."

ಅದೇ ವಾರ, ಬಿಪಿ ಇಳಿದಿದೆ, ಡಾಕ್ಟರು ಮಾತ್ರೆ ನಿಲ್ಲಿಸಿದರು ಎಂದ. ಅವಳು ನಂಬಿದಳು.

*

ಸುಟ್ಟು ಬಂದವರು ಚಪ್ಪಲಿ ಬಿಡುತ್ತಿದ್ದರು. ಮೆಡಿಕಲ್ ಅಂಗಡಿಯಾಕೆ ಯಾರೂ ಹೇಳದೆಯೇ ಅಡುಗೆಮನೆ ಹೊಕ್ಕು ಲೋಟ ತೊಳೆಯುತ್ತಿದ್ದಳು. ಅವಳು ಒಳಗೆ ಬಂದದ್ದೇ ಅಂಗಡಿಯಾಕೆ ನಲ್ಲಿ ನಿಲ್ಲಿಸಿದಳು.

"ಅಮ್ಮ, ಹೇಳದೆ ಇರೋಕಾಗ್ತಿಲ್ಲ. ಅವರು ತಮ್ಮ ಮಾತ್ರೆ ತಗೊಳ್ಳೋದು ಬಿಟ್ಟು ವರ್ಷವಾಯ್ತು. 'ನಮ್ಮವಳದು ಮಾತ್ರ ಕೊಡು' ಅನ್ನೋರು. ದುಡ್ಡು ಆಮೇಲೆ ಕೊಡಿ ಅಂದ್ರೂ ಕೇಳಲಿಲ್ಲ."

"ಡಾಕ್ಟರು ನಿಲ್ಲಿಸಿದ್ರಂತಲ್ಲ?"

"ಯಾವ ಡಾಕ್ಟರಮ್ಮ?"

ಅವಳು ತೊಳೆದ ಲೋಟವೊಂದನ್ನು ಕುಕ್ಕಿ ಇಟ್ಟಳು. ಹಾಳಾದವನು. ತನ್ನನ್ನೊಂದು ಮಾತು ಕೇಳಬಾರದಿತ್ತೇ?

ಹೊರಗೆ ಮೈದುನ ಮೇಜಿನ ಮೇಲೆ ಫಾರಂ ಹರಡಿದ್ದ. ಅವನದು ಬ್ಯಾಂಕಿನ ಕೆಲಸ.

"ಅತ್ತಿಗೆ, ಮುಂದಿನ ವಾರ ಬಾಂಡ್ ಅವಧಿ ಮುಗಿಯುತ್ತೆ. ಇನ್ನೊಂದು ಹತ್ತು ವರ್ಷಕ್ಕೆ ಹಾಕಿಬಿಡೋಣ. ಬಡ್ಡಿ ಮೊದಲಿಗಿಂತ ಕಮ್ಮಿ, ಆದ್ರೆ ಅಸಲು ಭದ್ರ. ಅಣ್ಣನ ಆಸೆನೂ ಅದೇ ಆಗಿತ್ತು. ಇಲ್ಲೊಂದು ಸಹಿ."

"ಯಾವ ಅಸಲೋ?" ಅವಳು ದನಿ ಎತ್ತಿದಳು. "ಈಗ ತಾನೇ ಸುಟ್ಟು ಬಂದ್ಯಲ್ಲೋ, ಅದಾ?"

"ಅತ್ತಿಗೆ, ದುಃಖದಲ್ಲಿದ್ದೀರಿ..."

"ದುಃಖ ನಾಳೆ ಪಡ್ತೀನಿ. ಆ ದುಡ್ಡು ನನಗೆ ಬೇಕು. ತಿನ್ನೋಕೆ ಬೇಕು, ಔಷಧಿಗೆ ಬೇಕು, ಬಸ್ಸಿಗೆ ಬೇಕು. ದುಡ್ಡು ಮುಗಿದ ದಿನ ನೋಡ್ಕೊಳ್ಳೋಣ."

ಅಡುಗೆಮನೆಯಿಂದ ಅಂಗಡಿಯಾಕೆ ಮೆಲ್ಲಗೆ ಕೇಳಿದಳು, "ಅಮ್ಮ, ಚಹಾದ ಹಾಲಿಗೆ ಎಷ್ಟು ನೀರು ಹಾಕಲಿ?"

"ಒಂದು ಹನಿಯೂ ಬೇಡ. ಇಡೀ ಪ್ಯಾಕೆಟ್ ಸುರಿ."

ಚಹಾ ಕೆನೆಗಟ್ಟಿ ಬಂತು. ತುಳುಕುತ್ತಿದ್ದ ಲೋಟವನ್ನು ಅವಳು ಫಾರಂ ಮೇಲೆಯೇ ಇಟ್ಟಳು. ಮೈದುನ ಕಾಗದದ ಅಂಚು ಹಿಡಿದು ಎಳೆದ. ಅವಳು ಲೋಟವನ್ನು ಅದುಮಿ ಹಿಡಿದೇ ಕೂತಳು. ಸಹಿಯ ಗೆರೆಯ ಮೇಲೆ ಕಂದು ಬಳೆಯೊಂದು ನಿಧಾನವಾಗಿ ಅಗಲವಾಗುತ್ತಿತ್ತು.