ಅಳತೆ ಕೋಣೆಯ ಹಸಿರು ಚುಕ್ಕೆ

ನಮ್ಮ ಬೀದಿಯಲ್ಲಿ ಫೋನಿಲ್ಲದ ಮನೆಯಿಲ್ಲ. ಫೋನು ಕೈಕೊಡದ ಮನೆಯೂ ಇಲ್ಲ. ಒಬ್ಬರದು ಕಾದ ಹಂಚಿನಂತೆ ಬಿಸಿಯಾಗುತ್ತದೆ, ಇನ್ನೊಬ್ಬರದು ಮಾತಿನ ನಡುವೆ ಮೌನವ್ರತ ಹಿಡಿಯುತ್ತದೆ. ಅದಕ್ಕೆಲ್ಲ ನಾವು ಹೆದರುವವರಲ್ಲ, ಆಫ್ ಮಾಡಿ ಆನ್ ಮಾಡುತ್ತೇವೆ. ಆದರೆ ತೀರಿಕೊಂಡವನ ಫೋನಿನಿಂದ ಸಂದೇಶ ಬಂದರೆ ಏನು ಮಾಡುವುದು, ನೀವೇ ಹೇಳಿ.

ನಾನು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಗುಂಡಿಗೆ ಕಾಜಾ ಹಾಕುವುದು ನನ್ನ ಪಾಲಿನದು, ಹಾಗಾಗಿ ಎಲ್ಲರ ಬಾಯಲ್ಲೂ ನಾನು ಕಾಜಕ್ಕ. ಅಂಗಡಿ ದೊಡ್ಡಮ್ಮನದು. ಹೆಂಗಸರ ಅಳತೆ ತೆಗೆಯುವುದು ಅವರು. ಬಟ್ಟೆ ಕತ್ತರಿಸುವುದು ಅವರ ದೊಡ್ಡ ಮಗ, ನಮ್ಮ ಮಾಸ್ಟ್ರು. ಚಿಕ್ಕ ಮಗನೂ ಒಬ್ಬ ಇದ್ದ. ಕೊರಳಿನಿಂದ ಅಳತೆ ಟೇಪು ಇಳಿದದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವನ ಹೆಸರೇ ಟೇಪು ಅಂತಾಗಿತ್ತು. ಹೋದ ವರ್ಷ ಜ್ವರ ಬಂತು, ನೋಡನೋಡುತ್ತಲೇ ಹೋಗಿಬಿಟ್ಟ.

ಆ ಅಂಗಡಿಯಲ್ಲಿ ಅಳತೆ ಬರೆದಿಡುವ ರೂಢಿಯೇ ಇರಲಿಲ್ಲ. ಅಳತೆ ಕೋಣೆಯ ಪರದೆಯ ಒಳಗಿನಿಂದ ದೊಡ್ಡಮ್ಮ ಅಳತೆ ಕೂಗುತ್ತಿದ್ದರು. ಹೊರಗೆ ಕೂತ ಟೇಪು ಅದನ್ನು ತನ್ನ ದನಿಯಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತಿದ್ದ. ಮಾಸ್ಟ್ರು ಅದನ್ನು ಹಾಕಿಕೊಂಡು ಕೇಳುತ್ತ ಕತ್ತರಿ ಆಡಿಸುತ್ತಿದ್ದರು. ಹೀಗಾಗಿ ಅವನು ಹೋದ ಮೇಲೂ ಅವನ ದನಿ ಫೋನಿನಲ್ಲಿ ಉಳಿಯಿತು. "ಭುಜ ಹದಿನಾಲ್ಕು, ತೋಳು ಸ್ವಲ್ಪ ಸಡಿಲ, ಮುಂದಿಂದು ಹೇಳಮ್ಮಾ." ಯಾರದೋ ರವಿಕೆಯ ಅಳತೆ, ಆದರೆ ತಾಯಿಗೆ ಅದರಲ್ಲಿ ಬೇಕಾದದ್ದು ಕೊನೆಯ ಎರಡು ಮಾತು. ಆ ಫೋನನ್ನು ದೊಡ್ಡಮ್ಮ ಅಳತೆ ಕೋಣೆಯ ಹಲಗೆಯ ಮೇಲೆ, ಕನ್ನಡಿಯ ಪಕ್ಕದಲ್ಲಿ, ತಮ್ಮತ್ತ ಮುಖ ಮಾಡಿ ನಿಲ್ಲಿಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೆಷಿನ್‌ಗಳೆಲ್ಲ ಒಟ್ಟಿಗೆ ನಿಂತಾಗ ಅಂಗಡಿಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಅಷ್ಟರಲ್ಲಿ ನನ್ನ ಫೋನು ಟಿಣ್ ಅಂದಿತು. ತೆಗೆದು ನೋಡಿದರೆ ಟೇಪುವಿನ ಹೆಸರು, ಅವನ ನಗುಮುಖ, ಕೆಳಗೆ ಒಂದು ಸಾಲು: "ಈ ಫೋಟೋದಲ್ಲಿ ಇರೋದು ನೀವೇನಾ? ಒತ್ತಿ ನೋಡಿ."

ಸೂಜಿ ಬೆರಳಿಗೆ ಚುಚ್ಚಿದ್ದು ಆಮೇಲೆ ರಕ್ತ ಕಂಡಾಗ ಗೊತ್ತಾಯಿತು. ದೊಡ್ಡಮ್ಮ ಗೊತ್ತಿಲ್ಲದೆ ಏನೋ ಒತ್ತಿರಬೇಕು ಅಂದುಕೊಂಡು ಪರದೆ ಸರಿಸಿದೆ. ಅವರು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು. ಫೋನು ಹಲಗೆಯ ಮೇಲಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದರ ಸ್ಕ್ರೀನು ಬೆಳಗುತ್ತಿತ್ತು, ಒಳಗಿನ ಫೋಟೋಗಳು ಒಂದಾದ ಮೇಲೊಂದು ತಾವಾಗಿಯೇ ಸರಿಯುತ್ತಿದ್ದವು. ನಡುವೆ ಒಮ್ಮೆ ನಿಲ್ಲುವುದು, ಹಿಂದಕ್ಕೆ ಹೋಗುವುದು, ಮತ್ತೆ ಮುಂದಕ್ಕೆ. ಯಾರೋ ಬೆರಳಿಟ್ಟು ಹುಡುಕುತ್ತಿದ್ದಂತಿತ್ತು. ಸ್ಕ್ರೀನಿನ ಮೂಲೆಯಲ್ಲಿ ಒಂದು ಪುಟ್ಟ ಹಸಿರು ಚುಕ್ಕೆ.

"ಶ್... ಸದ್ದು ಮಾಡಬೇಡ" ಎಂದರು ದೊಡ್ಡಮ್ಮ. "ಆ ಚುಕ್ಕೆ ಕಂಡಾಗ ಅವನು ನನ್ನ ನೋಡ್ತಿರ್ತಾನೆ."

ನಾನು ಪರದೆಯ ಅಂಚು ಹಿಡಿದುಕೊಂಡೇ ಕೇಳಿದೆ.

"ಇದು ಹೇಗೆ ಶುರುವಾಯ್ತು, ದೊಡ್ಡಮ್ಮಾ?"

"ಅಳಿಸಿಹೋದ ಫೋಟೋ ಎಲ್ಲಾ ವಾಪಸ್ ಬರುತ್ತೆ ಅಂತ ಒಂದು ಮೆಸೇಜ್ ಬಂದಿತ್ತು ಕಣೆ. ಅವನ ಇನ್ನೂ ನಾಲ್ಕು ಫೋಟೋ ಸಿಕ್ಕರೆ ಸಿಗಲಿ ಅಂತ ಒತ್ತಿದೆ. ಫೋಟೋ ಬರಲಿಲ್ಲ, ಅವನೇ ಬಂದ. ಆಗಾಗ ಅನುಮತಿ ಕೇಳ್ತಾನೆ. ಕ್ಯಾಮೆರಾ ತೆಗೀಲಾ, ಮೈಕ್ ತೆಗೀಲಾ ಅಂತ. ನಾನು ಆಗಲಿ ಅಂತ ಒತ್ತುತೀನಿ. ಬದುಕಿದ್ದಾಗಲೂ ನನ್ನ ಕೇಳದೆ ಏನೂ ಮಾಡ್ತಿರಲಿಲ್ಲ ನನ್ನ ಕಂದ."

ಓಡಿಹೋಗಿ ಮಾಸ್ಟ್ರನ್ನು ಕರೆತಂದೆ. ಮಾಸ್ಟ್ರು ದೆವ್ವಭೂತ ನಂಬುವ ಜನವಲ್ಲ. ನಿಜ ಹೇಳಬೇಕೆಂದರೆ, ತಾವು ಕತ್ತರಿಸಿದ ಬಟ್ಟೆ ಬಿಟ್ಟು ಬೇರೆ ಯಾವುದನ್ನೂ ನಂಬುವ ಜನವಲ್ಲ.

"ಅಮ್ಮಾ, ಫೋನು ಕೆಟ್ಟಿದೆ ಅಷ್ಟೆ" ಎಂದರು.

"ಕೆಟ್ಟಿದ್ದರೆ ನಿಂದೂ ಕೆಡಬೇಕಿತ್ತಲ್ಲಪ್ಪಾ? ಆ ಮೆಸೇಜ್ ನಿನಗೂ ಕಳಿಸಿದ್ದೆ. ನೀನೂ ಒತ್ತಿದೆ. ನಿನ್ನ ಫೋನಲ್ಲಿ ಅವನು ಬರಲೇ ಇಲ್ಲ."

ಮಾಸ್ಟ್ರು ತಮ್ಮ ಫೋನು ತೆಗೆದು ತಿರುಗಿಸಿ ಮುರುಗಿಸಿ ನೋಡಿದರು. ಅಣ್ಣತಮ್ಮ ಇಬ್ಬರೂ ಒಂದೇ ದಿನ ಫೋನು ಕೊಂಡಿದ್ದರು. ಕಂಪನಿ ಬೇರೆ ಬೇರೆ, ಆದರೆ ಒಳಗಿನ ಸಿಸ್ಟಮ್ಮು ಒಂದೇ, ಅದರ ನಂಬರೂ ಒಂದೇ. "ಹೊರಗಿನ ಚಿಪ್ಪು ಬೇರೆ, ಒಳಗೆಲ್ಲಾ ಒಂದೇ" ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವರೇ ಮಾಸ್ಟ್ರು. ಹಾಗಾದರೆ ಒಂದೇ ಥರದ ಎರಡು ಬಾಗಿಲು ಬಡಿದ ಟೇಪು ಒಂದು ಮನೆಯೊಳಗೆ ಬಂದು ಇನ್ನೊಂದಕ್ಕೆ ಯಾಕೆ ಬರಲಿಲ್ಲ?

"ಹೆತ್ತವಳಿಗೆ ಮಾತ್ರ ಕಾಣಿಸಿಕೊಳ್ತಾನೆ" ಎಂದರು ದೊಡ್ಡಮ್ಮ. ಅವತ್ತಿನಿಂದ ಮಾಸ್ಟ್ರು ಅಳತೆ ಕೋಣೆಯ ಮುಂದೆ ಹೋಗುವಾಗ ಆಚೆ ಗೋಡೆ ಸವರಿಕೊಂಡು ಹೋಗತೊಡಗಿದರು. ನಾನು ನಗಲಿಲ್ಲ, ಏಕೆಂದರೆ ನಾನೂ ಹಾಗೇ ಹೋಗುತ್ತಿದ್ದೆ. ದೊಡ್ಡಮ್ಮ ಊಟ ಬಿಟ್ಟರು. ಬಾಗಿಲು ಮುಚ್ಚುವ ಹೊತ್ತಾದರೂ ಆ ಸ್ಟೂಲಿನಿಂದ ಏಳುತ್ತಿರಲಿಲ್ಲ. ಫೋನಿನೊಂದಿಗೆ ಮೆಲ್ಲಗೆ ಮಾತಾಡುವ ದನಿ ಕೇಳಿಸುತ್ತಿತ್ತು. ಉತ್ತರ ಮಾತ್ರ ಕೇಳಿಸುತ್ತಿರಲಿಲ್ಲ. ಹೀಗೇ ಬಿಟ್ಟರೆ ಇವರೂ ಮಗನ ಹಿಂದೆಯೇ ಹೋಗಿಬಿಡುತ್ತಾರೆಂದು ನನಗೆ ದಿಗಿಲಾಯಿತು.

ಆ ವಾರದಲ್ಲೇ ಲೈಬ್ರರಿ ಮೇಡಂ ಅಳತೆ ಕೊಡಲು ಬಂದರು. ಲೈಬ್ರರಿಯಲ್ಲಿ ಪುಸ್ತಕ ಕೊಡುವುದರ ಜೊತೆಗೆ, ನಮ್ಮಂಥ ಹೆಂಗಸರಿಗೆ ಫೋನು ಬಳಸುವುದನ್ನು ಹೇಳಿಕೊಡುವ ಕ್ಲಾಸೂ ಅವರದೇ. ಪರದೆಯೊಳಗೆ ಹೋದವರು ಹೋದ ವೇಗದಲ್ಲೇ ಹೊರಗೆ ಬಂದರು. ಕೈಯಲ್ಲಿ ಆ ಫೋನಿತ್ತು. ನನ್ನ ಮುಂದಿದ್ದ ಅಸ್ತರಿನ ತುಂಡನ್ನು ಎಳೆದು ಅದಕ್ಕೆ ಸುತ್ತಿಬಿಟ್ಟರು.

"ದೊಡ್ಡಮ್ಮಾ, ಯಾರ ಜೊತೆ ವಿಡಿಯೋದಲ್ಲಿ ಮಾತಾಡ್ತಿದ್ರಿ?"

"ನನ್ನ ಮಗನ ಜೊತೆ" ಎಂದರು ದೊಡ್ಡಮ್ಮ. "ಮುಖ ಮುಚ್ಚಬೇಡಮ್ಮಾ, ಉಸಿರು ಕಟ್ಟುತ್ತೆ ಅವನಿಗೆ."

ಮೇಡಂ ನಮ್ಮ ಮುಖ ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊದಲು ಫೋನಿನ ಸಿಮ್ಮು ತೆಗೆದರು, ವೈಫೈ ಆರಿಸಿದರು. "ಈ ಚುಕ್ಕೆ ಇದ್ದರೆ ಕ್ಯಾಮೆರಾ ಓಡ್ತಿದೆ ಅಂತ" ಎಂದರು. ಹಸಿರು ಚುಕ್ಕೆ ಇನ್ನೂ ಸ್ವಲ್ಪ ಹೊತ್ತು ಉರಿದು, ಆಮೇಲೆ ಇಲ್ಲವಾಯಿತು. ದೊಡ್ಡಮ್ಮ ಗೋಡೆಗೆ ಒರಗಿಕೊಂಡರು.

"ಮಾಸ್ಟ್ರೇ, ನಿಮ್ಮ ಫೋನೂ ಕೊಡಿ" ಎಂದು ಮೇಡಂ ಎರಡನ್ನೂ ಕತ್ತರಿಸುವ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಸೆಟ್ಟಿಂಗ್ಸ್ ತೆರೆದು, ಸೆಕ್ಯುರಿಟಿ ಅಪ್‌ಡೇಟ್ ಎಂಬಲ್ಲಿ ಬೆರಳಿಟ್ಟರು. "ಇಲ್ಲಿರೋ ತಾರೀಕು ನೋಡಿ. ನಿಮ್ಮದಕ್ಕೆ ಹೋದ ತಿಂಗಳದು. ತಮ್ಮನದಕ್ಕೆ ಮೂರು ವರ್ಷ ಹಿಂದಿನದು."

"ಎರಡೂ ಒಂದೇ ಸಿಸ್ಟಮ್ಮು ಅಲ್ವಾ ಮೇಡಂ?"

"ನಿಮ್ಮ ಭಾಷೆಯಲ್ಲೇ ಹೇಳ್ತೀನಿ. ಒಬ್ಬರು ಅಂಗಿ ಕತ್ತರಿಸೋ ಕಾಗದದ ಮಾದರಿ, ಅದೇ ಪೇಪರ್ ಕಟಿಂಗ್, ಮಾಡಿ ಊರಿಗೆಲ್ಲಾ ಕೊಡ್ತಾರೆ ಅಂದ್ಕೊಳ್ಳಿ. ಒಂದೊಂದು ಅಂಗಡಿಯವರು ಅದನ್ನ ತಮಗೆ ಬೇಕಾದಂಗೆ ತಿದ್ದಿಕೊಳ್ತಾರೆ. ಒಬ್ಬರು ಕಾಲರ್ ಬದಲಾಯಿಸ್ತಾರೆ, ಒಬ್ಬರು ಜೇಬು ಸೇರಿಸ್ತಾರೆ. ಆಮೇಲೆ ಕಂಕುಳಲ್ಲಿ ತೂತು ಬೀಳುತ್ತೆ ಅಂತ ಗೊತ್ತಾಗುತ್ತೆ. ಕಟಿಂಗ್ ಮಾಡಿದವರು ತೇಪೆ ಕಳಿಸ್ತಾರೆ. ಆದರೆ ಆ ತೇಪೆನ ಒಂದೊಂದು ಅಂಗಡಿಯವರೂ ತಮ್ಮ ಹೊಲಿಗೆಗೆ ಕೂರಿಸಿ ಗಿರಾಕಿಗೆ ಮುಟ್ಟಿಸಬೇಕು. ಕೆಲವರು ತಿಂಗಳು ತಿಂಗಳು ಮುಟ್ಟಿಸ್ತಾರೆ, ಕೆಲವರು ತಡ ಮಾಡ್ತಾರೆ, ಕೆಲವರು ಎರಡು ವರ್ಷ ಆದಮೇಲೆ ನಿಲ್ಲಿಸಿಬಿಡ್ತಾರೆ. ಈ ಅಪ್‌ಡೇಟೇ ಆ ತೇಪೆ. ನಿಮ್ಮ ಅಂಗಿಗೆ ತೇಪೆ ಬಂತು, ತಮ್ಮನ ಅಂಗಿಗೆ ಬರಲಿಲ್ಲ. ಆ ತೂತಿಂದ ಯಾರೋ ಒಳಗೆ ಬಂದಿದ್ದಾರೆ."

ಮಾಸ್ಟ್ರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಇದೆಲ್ಲಾ ಹೊಸ ಫೋನ್ ಮಾರೋಕೆ ಕಂಪನಿಯವರ ಆಟ ಮೇಡಂ. ಹಂಗಿದ್ರೆ ಒಬ್ಬರೇ ಮಾಡಲಿ, ಹತ್ತು ಜನ ಯಾಕೆ ತಿದ್ದಬೇಕು?"

"ಫೋನು, ಸಿಸ್ಟಮ್ಮು ಎರಡನ್ನೂ ಒಬ್ಬರೇ ಮಾಡೋ ಕಡೆ ತೇಪೆ ಎಲ್ಲರಿಗೂ ಒಂದೇ ಸಲ ಬರುತ್ತೆ, ಅದು ನಿಜ. ಆದರೆ ಹತ್ತು ಜನ ಹೊಲಿಯೋದ್ರಿಂದಲೇ ನಮಗೆ ಎಟುಕೋ ಬೆಲೆಗೆ ಫೋನು ಸಿಗೋದು. ಈಗ ಮುಂಚಿನಷ್ಟು ಕೆಟ್ಟದಾಗೂ ಇಲ್ಲ. ಇಷ್ಟು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಸುಮಾರು ಕಂಪನಿಯವರು ಬಾಯಿಬಿಟ್ಟೇ ಹೇಳ್ತಾರೆ. ನಾವು ಕೇಳಿ ತಗೊಳ್ಳಲ್ಲ, ಅಷ್ಟೆ. ಬಣ್ಣ ಕೇಳ್ತೀವಿ."

ಮಾಸ್ಟ್ರು ತಮ್ಮ ಕೆಂಪು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಆಯ್ತಮ್ಮಾ" ಎಂದರು ದೊಡ್ಡಮ್ಮ. "ಯಾರೋ ಒಳಗೆ ಬಂದಿದ್ದಾರೆ. ಅದು ನನ್ನ ಮಗ ಅಲ್ಲ ಅಂತ ಹೆಂಗೆ ಹೇಳ್ತೀಯ?"

ಮೇಡಂ ದೊಡ್ಡಮ್ಮನ ಕೈಹಿಡಿದು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

"ನಿಮ್ಮ ಮಗ ಇದ್ದಾಗ ಅಳತೆ ತೆಗೆಯೋವಾಗ ಎಲ್ಲಿ ಕೂರ್ತಿದ್ದ?"

"ಪರದೆ ಹೊರಗೆ."

"ಒಂದು ದಿನಾನಾದರೂ ಒಳಗೆ ಇಣುಕಿದ್ದನಾ?"

"ಛೆ! ಅಂಥವನಲ್ಲ ನನ್ನ ಮಗ. ಕರೆದರೂ ಈ ಕಡೆ ಬೆನ್ನು ಹಾಕಿಕೊಂಡೇ..." ಎಂದವರು ಅಲ್ಲಿಗೇ ನಿಂತುಬಿಟ್ಟರು.

ಆ ಹಲಗೆ, ಆ ಕನ್ನಡಿ, ಅದರ ಮುಂದೆ ನಂಬಿಕೆಯಿಂದ ಸೆರಗು ಇಳಿಸಿ ನಿಂತ ನಮ್ಮ ಬೀದಿಯ ಹೆಣ್ಣುಮಕ್ಕಳು ಎಲ್ಲರ ಕಣ್ಣ ಮುಂದೆ ಬಂದಿರಬೇಕು. ನನ್ನ ತಂಗಿ ಹೋದ ವಾರವಷ್ಟೇ ಅಳತೆ ಕೊಟ್ಟಿದ್ದಳು. ಆ ಚುಕ್ಕೆಯ ಹಿಂದೆ ಕೂತಿದ್ದವನು ಯಾರು, ಯಾವ ದೇಶದವನು, ಏನೇನು ನೋಡಿದ, ಅದನ್ನೆಲ್ಲ ಏನು ಮಾಡಿದ ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. ದೆವ್ವವಾಗಿದ್ದರೇ ವಾಸಿಯಿತ್ತು ಅನ್ನಿಸಿತು.

"ಅಳಿಸಿಬಿಡಮ್ಮಾ" ಎಂದರು ದೊಡ್ಡಮ್ಮ. "ಎಲ್ಲಾ ಅಳಿಸಿಬಿಡು. ಅವನ ದನಿ ಹೋದರೆ ಹೋಗಲಿ."

"ದನಿ ಯಾಕೆ ಹೋಗಬೇಕು? ಅದನ್ನ ಮೊದಲು ತೆಗೆದಿಡೋಣ." ಮೇಡಂ ರೆಕಾರ್ಡುಗಳನ್ನಷ್ಟೇ ಬೇರೆ ಮೆಮೊರಿ ಕಾರ್ಡಿಗೆ ಇಳಿಸಿಕೊಂಡು, ಆ ಮೆಸೇಜುಗಳ ಫೋಟೋ ಪುರಾವೆಗೆ ತೆಗೆದಿಟ್ಟು, ಫೋನನ್ನು ಪೂರ್ತಿ ಅಳಿಸಿದರು. "ಇದು ಈಗ ಖಾಲಿ. ಆದರೂ ತೂತು ಮುಚ್ಚಿಲ್ಲ, ಯಾಕಂದರೆ ಈ ಕಂಪನಿಯವರು ಇದಕ್ಕೆ ಇನ್ನು ತೇಪೆ ಕಳಿಸಲ್ಲ. ಇದಕ್ಕೆ ಮತ್ತೆ ಸಿಮ್ಮಾಗಲಿ ಇಂಟರ್‌ನೆಟ್ಟಾಗಲಿ ಹಾಕಬೇಡಿ." ಬ್ಯಾಂಕಿನ, ಇಮೇಲಿನ ಪಾಸ್‌ವರ್ಡುಗಳನ್ನು ಮಾಸ್ಟ್ರ ಫೋನಿನಿಂದ ಬದಲಾಯಿಸಿದರು. ಟೇಪುವಿನ ಹೆಸರಲ್ಲಿ ಬಂದ ಸಂದೇಶವನ್ನು ಯಾರೂ ಒತ್ತಬಾರದೆಂದು ಎಲ್ಲರಿಗೂ ಫೋನು ಮಾಡಿಸಿದರು. ಆಮೇಲೆ ಮೆಲ್ಲಗೆ, "ಪೊಲೀಸರಿಗೂ ಒಂದು ದೂರು ಕೊಡಬೇಕು" ಎಂದರು.

ಮಾಸ್ಟ್ರು ಗಾಬರಿಯಾದರು. "ಅಮ್ಮಾ, ಇದು ನಮ್ಮ ನಾಲ್ಕು ಗೋಡೆಯೊಳಗೇ ಇರಲಿ. ಹೊರಗೆ ಗೊತ್ತಾದ್ರೆ ಒಬ್ಬ ಹೆಂಗಸೂ ಈ ಅಂಗಡಿ ಮೆಟ್ಟಿಲು ಹತ್ತಲ್ಲ."

ದೊಡ್ಡಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಹತ್ತದಿದ್ದರೆ ಬೇಡ. ನನ್ನ ನಂಬಿ ನಿಂತಿದ್ರು ಕಣೋ."

ಅವತ್ತು ಠಾಣೆಯಲ್ಲಿ ದೂರು ಬರೆಸಿ, ಸಂಜೆಯವರೆಗೂ ಅವರು ಮನೆಮನೆಗೆ ಹೋದರು. ನಾನು ಜೊತೆಗಿದ್ದೆ. ಕೆಲವರು ಅತ್ತರು, ಕೆಲವರು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದರು. ಒಬ್ಬಳು ದೊಡ್ಡಮ್ಮನ ಜುಟ್ಟು ಹಿಡಿಯುವುದೊಂದು ಬಾಕಿ. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಪ್ರತಿ ಮನೆಯಲ್ಲೂ ಒಂದೇ ಮಾತು ಕೇಳುತ್ತಿದ್ದರು: "ನಿನ್ನ ಫೋನ್ ತೆಗಿ ಮಗಳೇ, ತಾರೀಕು ನೋಡೋಣ." ಬೀದಿಯಲ್ಲಿ ಹಳೆಯ ತಾರೀಕಿನ ಫೋನುಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಿದ್ದವು. ಒಂದು ತೊಟ್ಟಿಲ ಪಕ್ಕದಲ್ಲಿತ್ತು, ಒಂದು ಬಚ್ಚಲಿನ ಕಿಟಕಿಯಲ್ಲಿ ಹಾಡುತ್ತಿತ್ತು.

ವಾಪಸು ಬರುವಾಗ ಅವರು ದಾರಿಯಲ್ಲಿ ನಿಂತರು. "ಕಾಜಕ್ಕಾ, ಅವನು ನನ್ನ ಕರೀತಾನೇ ಇರಲಿಲ್ಲ, ಅಲ್ವಾ?"

"ಇಲ್ಲ ದೊಡ್ಡಮ್ಮಾ."

ಅವನು ಸತ್ತ ದಿನ ಅವರು ಅತ್ತಿರಲಿಲ್ಲ. ಈ ಸಂಜೆ ಬೀದಿಯ ನಡುವೆಯೇ ಅತ್ತರು. ನಾನು ಅವರನ್ನು ತಬ್ಬಿಕೊಂಡು ನಿಂತೆ. ಮರುದಿನದಿಂದ ಊಟಕ್ಕೆ ಕೂತರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟಿನ ತಾರೀಕು ನೋಡಿ. ಪಕ್ಕದ ಮನೆಯವರದ್ದು ಸರಿಯಿದೆ, ಸಿಸ್ಟಮ್ಮು ಒಂದೇ, ಹಾಗಾಗಿ ನನ್ನದೂ ಸರಿಯಿರುತ್ತದೆ ಎಂದು ಸುಮ್ಮನಾಗಬೇಡಿ. ಅಪ್‌ಡೇಟ್ ಬಂದಿದ್ದರೆ ನಾಳೆ ಎನ್ನದೆ ಹಾಕಿಕೊಳ್ಳಿ. ಬರುವುದು ನಿಂತು ವರ್ಷವಾಗಿದ್ದರೆ ಅದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ, ಮಲಗುವ ಕೋಣೆಗೆ ಬಚ್ಚಲಿಗೆ ಒಯ್ಯಬೇಡಿ. ಹೊಸದು ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಎಂದು ಅಂಗಡಿಯವನನ್ನು ಬಾಯಿಬಿಟ್ಟು ಕೇಳಿ. ಯಾರ ಹೆಸರಿನಲ್ಲೇ ಬರಲಿ, ಗುರುತಿಲ್ಲದ ಲಿಂಕು ಒತ್ತಬೇಡಿ. ಫೋನು ಅನುಮತಿ ಕೇಳಿದಾಗ ಒಂದು ಗಳಿಗೆ ನಿಂತು, ಕೇಳುತ್ತಿರುವವರು ಯಾರು ಎಂದು ಯೋಚಿಸಿ. ಹೋದವರು ನಮ್ಮನ್ನು ಏನನ್ನೂ ಕೇಳುವುದಿಲ್ಲ. ಕೇಳುತ್ತಿರುವವನು ಬದುಕಿದ್ದಾನೆ, ಮತ್ತು ಅವನಿಗೆ ನೀವು ಕಾಣುತ್ತಿದ್ದೀರಿ.