ಅಡಿಟಿಪ್ಪಣಿ ಅಕ್ಕ

ಮಗಳ ಜ್ವರ, ಹಲ್ಲು, ಅವಳು ಬಾಯಿಗೆ ಹಾಕಿಕೊಳ್ಳಬಹುದಾದ ಗುಂಡಿ, ಇವೆಲ್ಲದರ ಚಿಂತೆಯನ್ನು ಹೇಗೋ ನಿಭಾಯಿಸಿಯೇನು. ಆದರೆ ಈ ವಾರವಿಡೀ ನನ್ನನ್ನು ಕಿತ್ತು ತಿನ್ನುತ್ತಿರುವುದು ಬೇರೆಯದೇ: ಅಡಿಟಿಪ್ಪಣಿ ಅಕ್ಕ ನನ್ನಿಂದಾಗಿ ಸೋತುಬಿಡುತ್ತಾಳಲ್ಲ! ಆಕೆಯನ್ನು ನಿಜವಾದ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. 'ನಿನ್ನೆ ಮಳೆ ಬಂತು' ಎಂದರೂ ಸಾಕು, ಕತ್ತು ವಾಲಿಸಿ, "ಯಾರು ನೋಡಿದ್ದು?" ಎನ್ನುವ ಹೆಂಗಸು ಅದು.

ಪಠ್ಯಪುಸ್ತಕಗಳ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಆಕೆಯ ಹೊಟ್ಟೆಪಾಡು. ನೆಲಕ್ಕೆ ಬಿದ್ದ ಅಲ್ಪವಿರಾಮವನ್ನು ಹುಡುಕುವವಳಂತೆ ಮುಂದಕ್ಕೆ ಬಾಗಿದ ನಡಿಗೆ. ಬೇಸಿಗೆಯಲ್ಲೂ ಬಿಡದ, ಮೊಣಕೈ ಸವೆದ ಕಂದು ಕೋಟು. ಅದರ ಜೇಬುಗಳಲ್ಲಿ ಕೆಂಪು ಪೆನ್ಸಿಲ್ಲು ಮತ್ತು ಹಳೆಯ ಪತ್ರಿಕೆಗಳಿಂದ ಕಿತ್ತ ತುಕ್ಕು ಪಿನ್ನುಗಳು. ವೈಜ್ಞಾನಿಕ ಕಥೆ, ಅದ್ಭುತ ಕಥೆಗಳೆಂದರೆ ಪ್ರಾಣ ಬಿಡುತ್ತಿದ್ದ ನಮ್ಮ ಓದುಗರ ಬಳಗ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು ಹಂಚಿದ ಪತ್ರಿಕೆಗಳು, ವೇಷ ಹಾಕಿಕೊಂಡು ಸೇರುತ್ತಿದ್ದ ವಾರ್ಷಿಕ ಕೂಟಗಳು, ಗಾಳಿಯಿಲ್ಲದ ಅಂತರಿಕ್ಷದಲ್ಲಿ ನೌಕೆ ಸದ್ದು ಮಾಡೀತೇ ಎಂದು ಜಗಳವಾಡಿ ಮಾತು ಬಿಟ್ಟ ಗೆಳೆಯರು, ಈ ಎಲ್ಲದರ ಚರಿತ್ರೆಯನ್ನು ಆಕೆ ಬಳಗದವರನ್ನೇ ಒಬ್ಬೊಬ್ಬರಾಗಿ ಮಾತಾಡಿಸಿ ಬರೆದಳು. ಹೇಳಿದವರ ಹೆಸರು ಪುಟದ ಕೆಳಗೆ ಬರಲೇಬೇಕು; ಹೆಸರಿಲ್ಲದ್ದು ಆಕೆಗೆ ಬರೀ ಗಾಳಿಮಾತು.

ಕೂಟವೊಂದರಲ್ಲಿ ಡ್ರ್ಯಾಗನ್ ವೇಷದ ಬಾಲಕ್ಕೆ ಬೆಂಕಿ ಹತ್ತಿತ್ತು. ಬಾಲದೊಳಗಿದ್ದವನನ್ನೇ ಹುಡುಕಿ ಹೋದಳು. ಅವನೋ ಈಗ ಬ್ಯಾಂಕಿನ ಮ್ಯಾನೇಜರು. "ತಾಯೀ, ನನ್ನ ಮಾನ ಕಳೀಬೇಡಿ" ಎಂದು ಕೈಮುಗಿದನಂತೆ. "ಮಾನ ಆವತ್ತೇ ಸುಟ್ಟೋಯ್ತಲ್ಲಪ್ಪ, ಉಳಿದಿರೋದು ಹೆಸರು, ಕೊಡು" ಎಂದಳಂತೆ ಈಕೆ.

ಬಳಗದ ಸ್ಥಾಪಕನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಕಾಲ್ಪನಿಕ ದೇಶಗಳ ನಕ್ಷೆ ಬರೆಯುವುದರಲ್ಲಿ ಎತ್ತಿದ ಕೈ. "ನಕ್ಷೆ ತೋರಿಸ್ತೀನಿ ಬಾ" ಎಂದು ಕಾಲೇಜು ಹುಡುಗಿಯರನ್ನು ಸಭಾಂಗಣದ ಹಿಂದಿನ ಕೋಣೆಗೆ ಕರೆದು ಬಾಗಿಲು ಹಾಕುತ್ತಿದ್ದ. ಬಾಗಿಲ ಆಚೆ ಅವನ ಕೈ ಎಲ್ಲೆಲ್ಲಿ ಹರಿದಾಡುತ್ತಿತ್ತೆಂದು ನಾನು ಬಲ್ಲೆ. ಅಕ್ಕನ ಮುಂದೆ ಅದನ್ನು ಹೇಳಿ ಅತ್ತವಳೂ ನಾನೇ, ಹೆಸರು ಮಾತ್ರ ಬೇಡವೆಂದವಳೂ ನಾನೇ. ಆಕೆ ನನ್ನ ಬೆನ್ನು ಸವರಲಿಲ್ಲ. "ಹೆಸರಿಲ್ದೆ ಬರೆಯೋಕಾಗಲ್ಲ ಕಣೇ" ಎಂದಷ್ಟೇ ಹೇಳಿ ಪೆನ್ಸಿಲ್ಲು ಕೆಳಗಿಟ್ಟಳು. ಎಂಥ ಕಲ್ಲೆದೆಯವಳೆಂದು ನಾನು ಹಲ್ಲು ಕಡಿದೆ.

ಪುಸ್ತಕ ಬಂತು. 'ಆ ಕೋಣೆಗೆ ಹೋಗಿಬಂದ ಕೆಲವು ಹುಡುಗಿಯರು ಮತ್ತೆ ಕೂಟಕ್ಕೆ ಬರಲಿಲ್ಲ' ಎಂಬ ವಾಕ್ಯ, ಅದರ ಕೊನೆಗೆ ಟಿಪ್ಪಣಿಯ ಅಂಕಿ. ಪುಟದ ಕೆಳಗೆ ಅದೇ ಅಂಕಿ, ಅದರ ಮುಂದೆ ಬರಿದೋ ಬರಿದು.

ಈಗ ಆ ಪುಸ್ತಕ ಪ್ರಶಸ್ತಿಯೊಂದರ ಕೊನೆಯ ಸುತ್ತಿನಲ್ಲಿದೆ. ಸಮಿತಿಯ ಕಾರ್ಯದರ್ಶಿ ಮುದ್ರಣಾಲಯಕ್ಕೇ ಬಂದನಂತೆ.

"ಅಚ್ಚಿನ ತಪ್ಪು ಅಂತ ಬರೆದುಕೊಟ್ಟು ಆ ವಾಕ್ಯ ತೆಗೆದುಬಿಡಿ ಮೇಡಂ. ಪ್ರಶಸ್ತಿ ಕೊಡೋರು ಕ್ಯಾಪ್ಟನ್ನೇ."

"ನಾನು ತಿದ್ದಿದ ಪುಟದಲ್ಲಿ ಅಚ್ಚಿನ ತಪ್ಪು ಇರಲ್ಲ."

"ಹಾಗಾದ್ರೆ ಸಾಕ್ಷಿ ಹೆಸರು ಹಾಕಿ."

"ಕೊಡೋಕೆ ಅದು ನನ್ನದಲ್ಲ."

"ಶನಿವಾರದೊಳಗೆ ಎರಡರಲ್ಲಿ ಒಂದಾಗದಿದ್ರೆ ಪುಸ್ತಕ ಸ್ಪರ್ಧೆಯಲ್ಲಿ ಇರಲ್ಲ, ನೋಡಿ."

"ಬಾಗಿಲು ಎಳ್ಕೊಂಡು ಹೋಗಿ, ಹಾಳೆ ಹಾರ್ತವೆ" ಎಂದಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಆಕೆಯ ಪಕ್ಕದ ಮೇಜಿನವಳು. ಅಕ್ಕ ನನ್ನ ಬಳಿ ತುಟಿಪಿಟಕ್ ಎಂದಿಲ್ಲ.

ಇಂಥವರನ್ನು ಯಾವ ಬಳಗವೂ ಪ್ರೀತಿಸುವುದಿಲ್ಲ. ತನ್ನ ನೆನಪಿನ ಹೊರೆಯನ್ನೆಲ್ಲ ಇವರ ತಲೆಗೆ ಹೊರಿಸಿ, ಇವರು ಮರೆಯಲಿಲ್ಲವೆಂದು ಕೊನೆಗೆ ಮುನಿಯುತ್ತದೆ. ಕೋಟಿ ಲೋಕಗಳನ್ನು ಕಲ್ಪಿಸಬಲ್ಲ ಜನಕ್ಕೆ ಚಿಲಕ ಹಾಕಿದ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಲಾಗುವುದಿಲ್ಲ. ಇವರಿಗೂ ಸಾಂತ್ವನ ಹೇಳಲು ಬಾರದು, ಕಣ್ಣೊರೆಸಲು ಬಾರದು. ಸತ್ಯಕ್ಕೊಂದು ಜಾಗ ಖಾಲಿ ಬಿಟ್ಟು, ಬರಬೇಕಾದವರು ಬರುವವರೆಗೂ ಎಲ್ಲರಿಂದ ಬೈಸಿಕೊಳ್ಳುತ್ತ ಕೂತಿರುತ್ತಾರೆ, ಅಷ್ಟೇ.

ಶುಕ್ರವಾರ ಗಂಡನಿಗೆ ಎಲ್ಲ ಹೇಳಿದೆ. ಮಗುವಿಗೆ ಉಣಿಸುತ್ತಿದ್ದವರು ಚಮಚ ಹಿಡಿದ ಕೈ ಹಾಗೇ ನಿಲ್ಲಿಸಿ, "ನಾಳೆ ದೊಡ್ಡವಳಾಗಿ ಇವಳು ಓದಿದ್ರೆ?" ಎಂದರು. "ಓದ್ಲಿ" ಎಂದು ಫೋನು ಕೈಗೆತ್ತಿಕೊಂಡೆ.

"ಅಕ್ಕಾ, ನನ್ನ ಹೆಸರು ಬರ್ಕೊಳ್ಳಿ."

ಆ ಕಡೆ ಕುರ್ಚಿ ಸರಿದ ಸದ್ದು. "ಪ್ರಶಸ್ತಿಗೋಸ್ಕರ ಆದ್ರೆ ಬೇಡ ಕಣೇ."

"ಅಲ್ಲ. ಪ್ರಶಸ್ತಿ ಕೊಡೋಕೆ ಅವನು ಆ ವೇದಿಕೆ ಹತ್ತಬಾರದು."

ಜೇಬಿನ ಪಿನ್ನುಗಳು ಕಿಣಿಗುಟ್ಟಿದವು; ಪೆನ್ಸಿಲ್ಲು ತೆಗೆದಳೇನೋ.

"ಸರಿ. ಆಗಿನ ಹೆಸರೋ, ಮದುವೆ ಆದ ಮೇಲಿನದೋ?"

"ಎರಡೂ ಹಾಕಿ ಅಕ್ಕ."